ಕಂಬಳಿಹುಳದ ವಂಶಾವಳಿ

ಪಾವಗಡ, ಚಳ್ಳಕೆರೆ ಸೀಮೆಯ ಶೇಂಗಾ ಬೆಳೆಗಾರರಿಗೆ ಕೆಂಪು ಕಂಬಳಿಹುಳವನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ನೆಲ ನೆನೆಯಿತೆಂದರೆ, ಕೆಲವೇ ದಿನಗಳಲ್ಲಿ ಹೊಲದ ಬದುವಿನಿಂದ, ಮರದ ಬುಡದ ಮಣ್ಣಿನಿಂದ ಬಿಳಿ ಪತಂಗಗಳು ಎದ್ದು ಬಂದು ಬೀದಿದೀಪಗಳಿಗೆ ಮುತ್ತುತ್ತವೆ. ಹೆಣ್ಣು ಎಲೆಯ ಅಡಿಯಲ್ಲಿ ನೂರಾರು ಮೊಟ್ಟೆಗಳನ್ನು ಒತ್ತೊತ್ತಾಗಿ ಅಂಟಿಸುತ್ತದೆ. ಮರಿಹುಳಗಳು ಮೊದಮೊದಲು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುತ್ತವೆ. ಬಲಿತ ಮೇಲೆ ಗಿಡದಲ್ಲಿ ಕಾಂಡ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಒಂದು ಹೊಲ ಮುಗಿದ ಕೂಡಲೇ ಹಿಂಡುಹಿಂಡಾಗಿ ಪಕ್ಕದ ಹೊಲಕ್ಕೆ ನಡೆದುಬಿಡುತ್ತವೆ. ಹೊಲದ ಸುತ್ತ ಒಂದಡಿ ಆಳದ ಕಾಲುವೆ ತೋಡಿ ಅವುಗಳನ್ನು ತಡೆಯುವುದು, ಊರವರೆಲ್ಲ ಸೇರಿ ರಾತ್ರಿ ಬೆಂಕಿ ಹಾಕಿ ಪತಂಗಗಳನ್ನು ಸೆಳೆಯುವುದು, ಬೇಸಿಗೆಯಲ್ಲಿ ಆಳವಾಗಿ ಉತ್ತು ಮಣ್ಣಿನೊಳಗಿನ ಕೋಶಗಳನ್ನು ಹಕ್ಕಿಗಳಿಗೆ ಒಡ್ಡುವುದು, ಇವೆಲ್ಲ ರೈತರು ಬಲ್ಲ ಉಪಾಯಗಳೇ. ಹುಳವಾಗಿ ಅದರ ಆರ್ಭಟ ಒಂದು ತಿಂಗಳಿನಷ್ಟು. ಉಳಿದ ಸುಮಾರು ಹತ್ತು ತಿಂಗಳು ಗೇಣುದ್ದ ಆಳದ ಮಣ್ಣಿನಲ್ಲಿ ಕೋಶವಾಗಿ ಬಿದ್ದುಕೊಂಡು ಮುಂದಿನ ಮಳೆಗೆ ಕಾಯುತ್ತದೆ.

ದೀಪಕ್ಕೆ ಬಂದ ಆ ಪತಂಗವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಂದಿನ ಜೋಡಿ ರೆಕ್ಕೆಯ ಬಿಳುಪಿನ ಮೇಲೆ ಕಂದು ಗೀಟುಗಳು. ರೆಕ್ಕೆಯ ಮುಂಭಾಗದ ಅಂಚಿನುದ್ದಕ್ಕೂ ಎಳೆದಂತೆ ಒಂದು ಹಳದಿ ಪಟ್ಟಿ. ಹಿಂದಿನ ರೆಕ್ಕೆ ಬಿಳಿ, ಅದರ ಮೇಲೆ ಕಪ್ಪು ಮಚ್ಚೆ. ಇದು ಅಮ್ಸಾಕ್ಟಾ ಆಲ್ಬಿಸ್ಟ್ರೈಗಾ. ಅಂಚಿನ ಪಟ್ಟಿ ಹಳದಿಯ ಬದಲು ಕೆಂಪಾಗಿದ್ದರೆ ಅದು ಇದರ ದಾಯಾದಿ, ಅಮ್ಸಾಕ್ಟಾ ಮೂರೈ. ಎರಡೂ ಹುಲಿ ಪತಂಗಗಳ ಬಳಗದವು. ಈ ಹೊಲದ ವೈರಿಯ ನಂಟರು ಸ್ವೀಡನ್ನಿನ ತೋಟದಲ್ಲಿದ್ದಾರೆ, ಅಮೆಜಾನ್ ಕಾಡಿನಲ್ಲಿದ್ದಾರೆ, ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಕಲ್ಲುಹೂವು ಮೇಯುತ್ತ ಯಾರ ಬೆಳೆಗೂ ತೊಂದರೆ ಕೊಡದೆ ಬದುಕುತ್ತಿದ್ದಾರೆ. ಜಗತ್ತಿನಲ್ಲಿ ಇದುವರೆಗೆ ಹೆಸರಿಸಿರುವ ಹುಲಿ ಪತಂಗಗಳು ಸುಮಾರು 11,000 ಪ್ರಭೇದ. ನಮ್ಮಲ್ಲಿ ಹುಳವನ್ನು ಬಲ್ಲವರಿಗೆ ಪತಂಗ ಗೊತ್ತಿರುವುದಿಲ್ಲ. ರೆಕ್ಕೆಯ ಚೆಲುವಿಗೆ ಮಾರುಹೋಗಿ ಫೋಟೊ ತೆಗೆಯುವವರಿಗೆ ಅದರ ಹುಳ ಏನು ತಿನ್ನುತ್ತದೆಂಬುದು ಗೊತ್ತಿರುವುದಿಲ್ಲ. ಈ ಬಳಗದ ಕಥೆಯಂತೂ ಹುಳದ ಊಟದಿಂದಲೇ ಶುರುವಾಗುತ್ತದೆ.

ಕಂಬಳಿಹುಳಗಳೆಲ್ಲವೂ ಹುಲಿ ಪತಂಗದ ಮರಿಗಳಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನುಗ್ಗೆಮರದ ಕಾಂಡಕ್ಕೆ ರಾಶಿರಾಶಿಯಾಗಿ ಅಂಟಿಕೊಂಡು ಮನೆಮಂದಿಯನ್ನೆಲ್ಲ ತುರಿಸಿಕೊಳ್ಳುವಂತೆ ಮಾಡುವ ಹುಳ ಯುಪ್ಟೆರೋಟೆ ಎಂಬ ಬೇರೆಯೇ ಕುಲದ್ದು. ಅದರ ಕುಟುಂಬವೂ ಬೇರೆ. ಹುಲಿ ಪತಂಗದ ಹುಳಗಳ ಮೈಮೇಲೆ ಗಂಟುಗಳಿದ್ದು, ಒಂದೊಂದು ಗಂಟಿನಿಂದಲೂ ಕೂದಲ ಕುಚ್ಚು ಎದ್ದಿರುತ್ತದೆ. ಬಹುಪಾಲು ಪ್ರಭೇದಗಳಲ್ಲಿ ಈ ಕೂದಲು ಚುಚ್ಚಿ ಕಿರಿಕಿರಿ ಮಾಡುತ್ತದೆಯೇ ಹೊರತು ವಿಷ ಇಳಿಸುವುದಿಲ್ಲ. ಹರಳಿನ ಎಲೆಗೂ ಬಾಳೆಗೂ ಬೀಳುವ ಕಪ್ಪು ಕಂಬಳಿಹುಳ, ಅಂದರೆ ಒಲೆಪಾ ರಿಸಿನೈ, ಈ ಬಳಗದ್ದು. ಸೂರ್ಯಕಾಂತಿ ಹೊಲದಲ್ಲೂ ರೇಷ್ಮೆ ಸೀಮೆಯ ಹಿಪ್ಪುನೇರಳೆ ತೋಟದಲ್ಲೂ ಕಾಟ ಕೊಡುವ ಬಿಹಾರ ಕಂಬಳಿಹುಳ, ಅಂದರೆ ಸ್ಪೈಲಾರ್ಕ್ಟಿಯಾ ಆಬ್ಲಿಕ್ವಾ, ಕೂಡ ಇದೇ ಬಳಗದ್ದು.

ಈ ಬಳಗವನ್ನು ಒಟ್ಟುಗೂಡಿಸಿ ಹೆಸರಿಟ್ಟ ಕಥೆ 1758ರಲ್ಲಿ ಆರಂಭವಾಗುತ್ತದೆ. ಲಿನಿಯಸ್ ತನ್ನ ‘ಸಿಸ್ಟೆಮಾ ನೇಚುರೇ’ಯ ಹತ್ತನೆಯ ಆವೃತ್ತಿಯಲ್ಲಿ ಯುರೋಪಿನ ತೋಟಗಳ ಹುಲಿ ಪತಂಗಕ್ಕೆ ಕಾಜಾ ಎಂದು ಹೆಸರಿಟ್ಟ. ಚಾಕೊಲೇಟ್ ಕಂದು ಬಣ್ಣದ ಮೇಲೆ ಬಿಳಿ ಅಂಕುಡೊಂಕು ಗೆರೆಗಳ ಮುಂದಿನ ರೆಕ್ಕೆ, ಕಿತ್ತಳೆ ಬಣ್ಣದ ಮೇಲೆ ಕಡುನೀಲಿ ಚುಕ್ಕೆಗಳ ಹಿಂದಿನ ರೆಕ್ಕೆ. ಅದರ ಇಂದಿನ ಹೆಸರು ಆರ್ಕ್ಟಿಯಾ ಕಾಜಾ. ಇಡೀ ಬಳಗಕ್ಕೆ ಹೆಸರು ಬಂದಿರುವುದು ಈ ಆರ್ಕ್ಟಿಯಾದಿಂದಲೇ. ನಮ್ಮ ನಾಡಿನ ದೀಪಗಳಿಗೆ ಸದಾ ಬರುವ ಕ್ರಿಯೇಟೊನೋಟಸ್ ಗ್ಯಾಂಜಿಸ್‌ಗೂ 1763ರಲ್ಲಿ ಹೆಸರಿಟ್ಟವನು ಲಿನಿಯಸ್ಸೇ.

ಭಾರತದ ಪತಂಗಗಳ ಮಟ್ಟಿಗೆ ನಿಜವಾದ ಅಡಿಪಾಯ ಹಾಕಿದವರು ಜಾರ್ಜ್ ಹ್ಯಾಂಪ್ಸನ್. ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದ ಈ ಮನುಷ್ಯ ಪತಂಗಗಳ ಹಿಂದೆ ಬಿದ್ದು, ಇಂಗ್ಲೆಂಡಿಗೆ ಮರಳಿದ ಮೇಲೆ ಬ್ರಿಟಿಷ್ ಮ್ಯೂಸಿಯಂ ಸೇರಿ 1892ರಿಂದ 1896ರ ನಡುವೆ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಪತಂಗಗಳ ನಾಲ್ಕು ಸಂಪುಟಗಳನ್ನು ಬರೆದರು. ನೂರಿಪ್ಪತ್ತೈದು ವರ್ಷ ದಾಟಿದರೂ ಘಟ್ಟದ ಪತಂಗವೊಂದನ್ನು ಗುರುತಿಸಲು ಕುಳಿತವರು ಇಂದಿಗೂ ಈ ಸಂಪುಟಗಳನ್ನು ತೆರೆಯಲೇಬೇಕು. ಹ್ಯಾಂಪ್ಸನ್ ಅವರ ಮುಖ್ಯ ಆಧಾರ ರೆಕ್ಕೆಯ ನರಗಳು. ಯಾವ ನರ ಎಲ್ಲಿ ಕವಲೊಡೆಯುತ್ತದೆ, ಯಾವುದು ಯಾವುದರ ಜೊತೆ ಕೂಡಿಕೊಳ್ಳುತ್ತದೆ, ಯಾವುದು ಇಲ್ಲವೇ ಇಲ್ಲ ಎಂಬ ಲೆಕ್ಕದಲ್ಲಿ ಅವರು ಹುಲಿ ಪತಂಗಗಳನ್ನೂ ಕಲ್ಲುಹೂವು ತಿನ್ನುವ ಅವುಗಳ ಚಿಕ್ಕ ಬಂಧುಗಳನ್ನೂ ಒಂದೇ ಕುಟುಂಬದಲ್ಲಿಟ್ಟರು. ಕಣಜದಂತೆ ಕಾಣುವ ಪತಂಗಗಳನ್ನು ಮಾತ್ರ ಸಿಂಟೊಮಿಡೇ ಎಂಬ ಬೇರೆ ಕುಟುಂಬವಾಗಿ ಮೊದಲ ಸಂಪುಟದಲ್ಲಿಟ್ಟರು. ಆಲ, ಅತ್ತಿ ಮರಗಳ ಎಲೆ ತಿನ್ನುವ ಕಿತ್ತಳೆ ಮೈಯ ಅಸೋಟಾಗಳು ಮತ್ತೊಂದು ಕುಟುಂಬಕ್ಕೆ ಹೋದವು. ಸೂಜಿಗೆ ಚುಚ್ಚಿದ ಒಣ ಪತಂಗ, ಒಂದು ಭೂತಗನ್ನಡಿ, ಇಷ್ಟರಲ್ಲೇ ಮಾಡಿದ ಕೆಲಸವದು. ಅದರ ಬಹುಭಾಗ ಇಂದಿಗೂ ನಿಂತಿರುವುದು ನನಗೆ ಬೆರಗಿನ ಸಂಗತಿ.

ಮುಂದೆ ಕಣಜ ಪತಂಗಗಳು ಹುಲಿ ಪತಂಗಗಳ ಜೊತೆ ಸೇರಿದವು. ಎರಡರ ಎದೆಯ ಹಿಂಭಾಗದಲ್ಲೂ ಸದ್ದು ಹೊರಡಿಸುವ ಒಂದೇ ಬಗೆಯ ಅಂಗವಿತ್ತು, ಹೆಣ್ಣುಗಳ ಹೊಟ್ಟೆಯ ತುದಿಯಲ್ಲಿ ಗಂಡನ್ನು ಕರೆಯುವ ಗಂಧದ ಗ್ರಂಥಿಗಳ ರಚನೆಯೂ ಹೊಂದುತ್ತಿತ್ತು. ದೊಡ್ಡ ಪಲ್ಲಟವಾದದ್ದು 2011ರಲ್ಲಿ. ರೆಜಾ ಜಹೀರಿ ಮತ್ತು ಸಂಗಡಿಗರು ಹಲವು ಜೀನ್‌ಗಳನ್ನು ಹೋಲಿಸಿ ನೋಡಿದಾಗ, ಆರ್ಕ್ಟಿಡೇ ಎಂಬ ಸ್ವತಂತ್ರ ಕುಟುಂಬವು ಮತ್ತೊಂದು ಬೃಹತ್ ವಂಶವೃಕ್ಷದ ನಡುಕೊಂಬೆಯೆಂದು ತೋರಿಬಂತು. ಆ ವೃಕ್ಷಕ್ಕೆ ಎರೆಬಿಡೇ ಎಂದು ಹೆಸರು. ಹುಲಿ ಪತಂಗಗಳು ಅದರೊಳಗೆ ಆರ್ಕ್ಟಿನೇ ಎಂಬ ಉಪಕುಟುಂಬವಾದವು. ಹರಳು ಬೆಳೆಯ ಕೊಂಡಲಿಹುಳದ ಪತಂಗ, ದಾಳಿಂಬೆ ಕಿತ್ತಳೆಗಳಿಗೆ ಸೊಂಡಿಲು ಚುಚ್ಚಿ ರಸ ಹೀರುವ ಪತಂಗ, ಇವೆಲ್ಲ ಈಗ ಒಂದೇ ಕುಟುಂಬದ ಸದಸ್ಯರು. ಅಸೋಟಾಗಳು ಹುಲಿ ಪತಂಗಗಳ ಒಳಗೆ ಸೇರಲಿಲ್ಲ, ಆದರೆ ಅತಿ ಹತ್ತಿರದ ಬಂಧುಗಳೆಂದು ಖಚಿತವಾಯಿತು. ಕಾಡಿನ ನೆಲದಲ್ಲಿ ಒಣಗಿದ ತರಗೆಲೆ ತಿಂದು ಬೆಳೆಯುವ ಮಂಕು ಬಣ್ಣದ ಹರ್ಮಿನಿನೇ ಪತಂಗಗಳೂ ಇವರ ಸಮೀಪದವೇ ಎಂಬುದು, ನೋಡಲು ಯಾವ ಹೋಲಿಕೆಯೂ ಇಲ್ಲದ ಕಾರಣ, ಬಹಳ ಮಂದಿಗೆ ಅನಿರೀಕ್ಷಿತವಾಗಿತ್ತು.

ಹೆಸರು ಬದಲಾದಾಗಲೆಲ್ಲ ಹವ್ಯಾಸಿಗಳು ಗೊಣಗುತ್ತಾರೆ. ಹಳೆಯ ಪುಸ್ತಕದಲ್ಲಿ ಒಂದು, ಹೊಸ ಪಟ್ಟಿಯಲ್ಲಿ ಇನ್ನೊಂದು, ಕೃಷಿ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ಮೂರನೆಯದು. ಮೇಲೆ ಹೇಳಿದ ಹರಳಿನ ಕಂಬಳಿಹುಳವೇ ಪೆರಿಕಾಲಿಯಾ ಎಂಬ ಹೆಸರಿನಲ್ಲಿ ಈಗಲೂ ಎಷ್ಟೋ ಕೈಪಿಡಿಗಳಲ್ಲಿದೆ. ಗೊಣಗಾಟ ನನಗೆ ಅರ್ಥವಾಗುತ್ತದೆ, ಆದರೂ ನಾನು ಬದಲಾವಣೆಯ ಪರ. ಯಾರಿಗೆ ಯಾರು ನೆಂಟರು ಎಂದು ಸರಿಯಾಗಿ ಗೊತ್ತಾದರೆ, ಒಂದು ಪ್ರಭೇದದ ಆಹಾರ, ಶತ್ರು, ರೋಗಗಳ ತಿಳಿವಳಿಕೆ ಇನ್ನೊಂದಕ್ಕೆ ದಾರಿ ತೋರುತ್ತದೆ.

ಉಪಕುಟುಂಬದೊಳಗೆ ಈಗ ನಾಲ್ಕು ಪಂಗಡಗಳನ್ನು ಮುಖ್ಯವಾಗಿ ಗುರುತಿಸುತ್ತಾರೆ. ಅವುಗಳಲ್ಲಿ ನನ್ನ ಮನಸ್ಸು ಹೆಚ್ಚು ಒಲಿದಿರುವುದು ಲಿಥೋಸಿನಿ ಪಂಗಡಕ್ಕೆ. ಮಸಾಲೆ ಡಬ್ಬಿಯಲ್ಲಿ ನಾವು ಇಟ್ಟುಕೊಳ್ಳುವ ಕಲ್ಲುಹೂವಿನಂಥದೇ ಕಲ್ಲುಹೂವುಗಳು, ಬಂಡೆ ಮತ್ತು ತೊಗಟೆಯ ಮೇಲಿನ ಪಾಚಿ, ಇವೇ ಇವುಗಳ ಹುಳಗಳ ಆಹಾರ. ಸಯಾನಾ ಕುಲದ ಪತಂಗಗಳು ಮಲೆನಾಡಿನ ಮನೆಗಳ ಜಗುಲಿ ದೀಪಕ್ಕೆ ಬರುತ್ತವೆ: ಬೆರಳಿನ ಉಗುರಿನಷ್ಟು ಗಾತ್ರ, ಹಾಲಿನಂಥ ಬಿಳುಪು, ಅಡ್ಡಲಾಗಿ ಕೆಂಪು ಗೆರೆಗಳು, ನಡುವೆ ಒಂದೆರಡು ಕಪ್ಪು ಚುಕ್ಕೆ. ಇದರ ಹುಳ ಕೋಶವಾಗುವ ಹೊತ್ತಿಗೆ ತನ್ನ ಮೈಯ ಉದ್ದ ಕೂದಲುಗಳನ್ನೇ ಒಂದೊಂದಾಗಿ ಕಿತ್ತು, ರೇಷ್ಮೆಯ ಎಳೆಯಿಂದ ತುದಿಗೆ ತುದಿ ಸೇರಿಸಿ, ಸುತ್ತ ಒಂದು ಪಂಜರ ಕಟ್ಟುತ್ತದೆ. ಚೌಕಚೌಕವಾದ ಕಿಂಡಿಗಳ ಆ ಪಂಜರದ ಗೋಡೆಗೆ ತಾಗದಂತೆ, ನಟ್ಟನಡುವೆ, ನೂಲಿನ ಮೇಲೆ ಕೋಶ ತೂಗಾಡುತ್ತದೆ. ಇರುವೆ ಹೊರಗಿನಿಂದ ಎಷ್ಟು ಸುತ್ತಿದರೂ ಕೋಶಕ್ಕೆ ಬಾಯಿ ಎಟುಕುವುದಿಲ್ಲ. ಎಲೆಯ ಅಡಿಯಲ್ಲೋ ಗೋಡೆಯ ಮೂಲೆಯಲ್ಲೋ ಇಂಥದೊಂದು ಕಂಡರೆ, ಜೇಡರ ಬಲೆಯೆಂದು ಗುಡಿಸಿ ಹಾಕುವ ಮುನ್ನ ಒಮ್ಮೆ ಬಗ್ಗಿ ನೋಡಿ.

ಎರಡನೆಯದು ಸಿಂಟೊಮಿನಿ, ಹಗಲಿನಲ್ಲಿ ಹಾರುವ ಕಣಜ ಪತಂಗಗಳು. ಕಪ್ಪು ರೆಕ್ಕೆಯಲ್ಲಿ ಗಾಜಿನಂಥ ಕಿಟಕಿಗಳು, ಹೊಟ್ಟೆಯ ಮೇಲೆ ಹಳದಿ ಪಟ್ಟೆಗಳು, ತೀರಾ ಪುಟ್ಟದಾದ ಹಿಂದಿನ ರೆಕ್ಕೆ, ನಿಧಾನವಾದ ಹಾರಾಟ. ಕುಟುಕುವ ಕೊಂಡಿ ಮಾತ್ರ ಇಲ್ಲ. ಗಂಧದ ಮರದ ಎಲೆ ತಿನ್ನುವ ಅಮಾಟಾ ಪಸಾಲಿಸ್ ಈ ಪಂಗಡದ್ದು. ಮೂರನೆಯದಾದ ಅಮೆರಿಲಿನಿ ಚಿಕ್ಕದು. ಮುಟ್ಟಿದರೆ ಸಾಕು, ಈ ಪತಂಗಗಳು ಎದೆಯ ಪಕ್ಕದಿಂದ ಸುಂಯ್ ಎಂಬ ಸದ್ದಿನೊಂದಿಗೆ ಹಳದಿ ನೊರೆ ಉಕ್ಕಿಸುತ್ತವೆ. ಉಳಿದ ದೊಡ್ಡ ಪಾಲು ಆರ್ಕ್ಟಿನಿ ಪಂಗಡದ್ದು.

ಇನ್ನು ಹರಡಿಕೆಯ ಮಾತು. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇವುಗಳಿವೆ, ಆದರೆ ಹಂಚಿಕೆ ಸಮನಾಗಿಲ್ಲ. ಅರ್ಧಕ್ಕಿಂತ ಹೆಚ್ಚು, ಸುಮಾರು 6,000 ಪ್ರಭೇದಗಳು, ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ಉಷ್ಣವಲಯದಲ್ಲೇ ಇವೆ. ಕಲ್ಲುಹೂವು ಮೇಯುವ ಲಿಥೋಸಿನಿಗಳು ಏಷ್ಯಾದ ತೇವದ ಕಾಡುಗಳಲ್ಲಿ ಸಮೃದ್ಧ. ಭಾರತದಲ್ಲಿರುವ ನೂರಾರು ಪ್ರಭೇದಗಳಲ್ಲಿ ಹಿಮಾಲಯದ ಪೂರ್ವಭಾಗ ಮತ್ತು ಈಶಾನ್ಯ ರಾಜ್ಯಗಳದು ದೊಡ್ಡ ಪಾಲು. ಪಶ್ಚಿಮ ಘಟ್ಟಕ್ಕೆ ತನ್ನದೇ ಆದ ಪ್ರಭೇದಗಳಿವೆ. ಬಯಲುಸೀಮೆಯಲ್ಲಿ ಪ್ರಭೇದಗಳು ಕಡಿಮೆ. ಇರುವವು ಕೆಂಪು ಕಂಬಳಿಹುಳದಂತೆ ಲಕ್ಷಗಟ್ಟಲೆ ಹುಟ್ಟಬಲ್ಲವು.

ಕೆಲವಕ್ಕೆ ಗಡಿಯೇ ಇಲ್ಲ. ಬಿಳಿಯ ಮೇಲೆ ಕೆಂಪು, ಕಪ್ಪು ಚುಕ್ಕೆಗಳ ಪುಟ್ಟ ಉಟೆತೀಸಾಗಳು ಸಮುದ್ರ ದಾಟಿ ಹಿಂದೂ ಮಹಾಸಾಗರದ, ಪೆಸಿಫಿಕ್‌ನ ಒಂಟಿ ದ್ವೀಪಗಳನ್ನೂ ಮುಟ್ಟಿವೆ. ಉತ್ತರ ಅಮೆರಿಕದ ಹೈಫ್ಯಾಂಟ್ರಿಯಾ ಕ್ಯೂನಿಯಾ ಮನುಷ್ಯರ ಸರಕಿನ ಜೊತೆ 1940ರಲ್ಲಿ ಹಂಗೆರಿಗೆ, 1945ರಲ್ಲಿ ಜಪಾನಿಗೆ ಬಂದಿಳಿದು, ಮರಗಳಿಗೆಲ್ಲ ಬಲೆ ಸುತ್ತಿ ಎಲೆ ಮುಗಿಸುವ ಪಿಡುಗಾಯಿತು. ಗ್ರೀಸಿನ ರೋಡ್ಸ್ ದ್ವೀಪದ ಕಣಿವೆಯೊಂದಕ್ಕೆ ಬೇಸಿಗೆಯ ಬಿಸಿಲು ತಾಳಲಾರದ ಯುಪ್ಲಾಜಿಯಾ ಹುಲಿ ಪತಂಗಗಳು ಸಾವಿರಗಟ್ಟಲೆ ಬಂದು ಸೇರುತ್ತವೆ. ಅದು ‘ಚಿಟ್ಟೆಗಳ ಕಣಿವೆ’ ಎಂದು ಪ್ರಸಿದ್ಧ, ನಿಜದಲ್ಲಿ ಪತಂಗಗಳದ್ದು. ಅಲ್ಲಿ ಚಪ್ಪಾಳೆ ತಟ್ಟುವುದು, ಶಿಳ್ಳೆ ಹಾಕುವುದು ನಿಷಿದ್ಧ. ಕೂಡಿಟ್ಟ ಕೊಬ್ಬಿನ ಬಲದ ಮೇಲೆ ಬೇಸಿಗೆ ಕಳೆಯುವ ಪತಂಗಗಳನ್ನು ಪದೇಪದೇ ಎಬ್ಬಿಸಿ ಹಾರಿಸಿದರೆ, ಮೊಟ್ಟೆ ಇಡುವ ಕಾಲಕ್ಕೆ ಅವುಗಳಲ್ಲಿ ಶಕ್ತಿಯೇ ಉಳಿಯುವುದಿಲ್ಲ.

ಉಟೆತೀಸಾ ನಮ್ಮ ಹೊಲದ ಬದುಗಳಲ್ಲೂ ಇದೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಎನ್ನುವ ಸೆಣಬಿನ ಜಾತಿಯ ಗಿಡಗಳ ನಡುವೆ ನಡೆದರೆ ಹಗಲಿನಲ್ಲೇ ಕಾಲಬುಡದಿಂದ ಎದ್ದು ಹಾರುತ್ತದೆ. ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಸೆಣಬಿನ ಕಾಯಿ ಕೊರೆಯುವ ಅರ್ಜಿನಾ ಅಸ್ಟ್ರಿಯಾ ಕೂಡ ಇಲ್ಲೇ ಸಿಗುತ್ತದೆ. ಕಿತ್ತಳೆ ರೆಕ್ಕೆಯ ತುಂಬ ಕಪ್ಪು ಚುಕ್ಕೆ. ಈ ಗಿಡಗಳಲ್ಲಿ ಪಿರೋಲಿಜಿಡೀನ್ ಆಲ್ಕಲಾಯ್ಡ್ ಎಂಬ ವಿಷವಿದೆ, ಹೆಚ್ಚು ಮೇದ ದನಗಳ ಯಕೃತ್ತು ಕೆಡುತ್ತದೆ. ಹುಲಿ ಪತಂಗದ ಹುಳ ಅದನ್ನೇ ಬಯಸಿ ತಿಂದು ಮೈಯಲ್ಲಿ ಕೂಡಿಡುತ್ತದೆ. ಚೇಳುಕೊಂಡಿ ಗಿಡದಲ್ಲೂ ಇದೇ ವಿಷ. ನೀಲಿ ಹುಲಿ ಚಿಟ್ಟೆಗಳು ಬಾಡಿದ ಚೇಳುಕೊಂಡಿಗೆ ಮುಗಿಬೀಳುವುದೂ ಇದಕ್ಕಾಗಿಯೇ.

ಈ ವಿಷ ಪತಂಗದ ಬದುಕಿನಲ್ಲಿ ಏನೇನು ಮಾಡುತ್ತದೆಂದು ಬಿಡಿಸಿ ತೋರಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ರಸಾಯನ ವಿಜ್ಞಾನಿ ಜೆರಾಲ್ಡ್ ಮೈನ್‌ವಾಲ್ಡ್. ಫ್ಲಾರಿಡಾದಲ್ಲಿ ಅವರು ನೋಡಿದ್ದು ಉಟೆತೀಸಾ ಆರ್ನಾಟ್ರಿಕ್ಸ್ ಎಂಬ ಪ್ರಭೇದವನ್ನು. ನೆಫಿಲಾ ಜೇಡದ ಬಲೆಗೆ ಬಿದ್ದ ಈ ಪತಂಗ ಒದ್ದಾಡುವುದಿಲ್ಲ. ಜೇಡ ಬಂದು ಮುಟ್ಟಿ ನೋಡಿ, ಸುತ್ತಲ ಎಳೆಗಳನ್ನು ತಾನೇ ಒಂದೊಂದಾಗಿ ಕತ್ತರಿಸಿ ಅದನ್ನು ಕೆಳಗೆ ಬೀಳಿಸಿಬಿಡುತ್ತದೆ, ಪತಂಗ ಹಾರಿಹೋಗುತ್ತದೆ. ವಿಷವಿಲ್ಲದ ಆಹಾರ ಕೊಟ್ಟು ಸಾಕಿದ ಪತಂಗವನ್ನು ಅದೇ ಜೇಡ ತಿನ್ನುತ್ತದೆ. ಇನ್ನೂ ಸೂಕ್ಷ್ಮವಾದದ್ದು ಕೂಡುವಿಕೆಯ ವಿಚಾರ. ಗಂಡು ತನ್ನ ದೇಹತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟಿರುವ ವೀರ್ಯದ ಪೊಟ್ಟಣದ ಜೊತೆ ವಿಷವನ್ನೂ ಹೆಣ್ಣಿಗೆ ದಾಟಿಸುತ್ತದೆ. ಹೆಣ್ಣು ಅದನ್ನು ತನ್ನ ಪಾಲಿನ ವಿಷದೊಂದಿಗೆ ಮೊಟ್ಟೆಗಳಿಗೆ ಹಂಚುತ್ತದೆ. ಇರುವೆ, ಗುಲಗಂಜಿ ಹುಳುಗಳು ಆ ಮೊಟ್ಟೆಗಳ ತಂಟೆಗೆ ಹೋಗುವುದಿಲ್ಲ. ಗಂಡಿನ ಬಳಿ ವಿಷವೆಷ್ಟಿದೆ ಎಂಬುದು ಹೆಣ್ಣಿಗೆ ಮೊದಲೇ ಗೊತ್ತಾಗುತ್ತದೆ, ಏಕೆಂದರೆ ಗಂಡು ಸೂಸುವ ಗಂಧ ತಯಾರಾಗುವುದು ಅದೇ ವಿಷದಿಂದ.

ಮೊಬೈಲ್‌ಗಳಲ್ಲಿ ಆಗಾಗ ಹರಿದಾಡುವ ಒಂದು ವಿಡಿಯೊ ಇದೆ: ಕಂದು ಮಿಶ್ರಿತ ಬಿಳಿ ಪತಂಗದ ಹೊಟ್ಟೆಯ ತುದಿಯಿಂದ ನಾಲ್ಕು ಬೂದು ಬಣ್ಣದ ರೋಮಭರಿತ ಕೊಳವೆಗಳು ಉಬ್ಬಿ ಹೊರಬರುತ್ತವೆ, ಅನ್ಯಗ್ರಹದ ಜೀವಿಯೆಂಬ ತಲೆಬರಹ. ಅದು ಲಿನಿಯಸ್ ಹೆಸರಿಟ್ಟ ಕ್ರಿಯೇಟೊನೋಟಸ್ ಗ್ಯಾಂಜಿಸ್‌ನ ಗಂಡು. ಆ ಕೊಳವೆಗಳು ಹೆಣ್ಣನ್ನು ಕರೆಯುವ ಗಂಧವನ್ನು ಗಾಳಿಗೆ ಬಿಡುವ ಅಂಗಗಳು. ಹುಳವಾಗಿದ್ದಾಗ ವಿಷದ ಗಿಡ ಸಾಕಷ್ಟು ಸಿಕ್ಕಿದ್ದರೆ ಅವು ದೇಹಕ್ಕಿಂತ ಉದ್ದವಾಗಿ ಬೆಳೆಯುತ್ತವೆ. ಸಿಗದಿದ್ದರೆ ಮೊಂಡಾಗಿ ಉಳಿಯುತ್ತವೆ, ಗಂಧವೂ ಇರುವುದಿಲ್ಲ.

ವಿಷ ಇದೆಯೆಂದು ಬಣ್ಣದಿಂದ ಸಾರಿದರೆ ಹಗಲಿನ ಹಕ್ಕಿಗೆ ತಿಳಿದೀತು, ಕತ್ತಲಲ್ಲಿ ಪ್ರತಿಧ್ವನಿ ಕೇಳಿ ಬೇಟೆಯಾಡುವ ಬಾವಲಿಗೆ ಹೇಗೆ? ಎದೆಯ ಪಕ್ಕದ ತೆಳು ತಗಡಿನಂಥ ಭಾಗವನ್ನು ಸ್ನಾಯುವಿನಿಂದ ಒಳಕ್ಕೆಳೆದು ಬಿಟ್ಟು, ಹುಲಿ ಪತಂಗಗಳು ನಮ್ಮ ಕಿವಿಗೆ ಕೇಳದ ಚಟಚಟ ಸದ್ದು ಹೊರಡಿಸುತ್ತವೆ. ಆ ಸದ್ದಿಗೆ ಬಾವಲಿಗಳು ಬೇಟೆ ಬಿಟ್ಟು ತಿರುಗಿಕೊಳ್ಳುತ್ತವೆಂದು 1965ರಲ್ಲಿ ಡೊರೊತಿ ಡನ್ನಿಂಗ್ ಮತ್ತು ಕೆನೆತ್ ರೋಡರ್ ತೋರಿಸಿದರು. 2009ರಲ್ಲಿ ಆರನ್ ಕಾರ್ಕೊರನ್, ಜೆಸ್ಸಿ ಬಾರ್ಬರ್, ವಿಲಿಯಂ ಕಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅರಿಜೋನಾದ ಬರ್ಥೋಲ್ಡಿಯಾ ಟ್ರೈಗೊನಾ ಸೆಕೆಂಡಿಗೆ 4,500ರವರೆಗೂ ಚಿಟಿಕೆಗಳನ್ನು ಸುರಿಸಿ ಬಾವಲಿಯ ಪ್ರತಿಧ್ವನಿಯ ಲೆಕ್ಕವನ್ನೇ ಕೆಡಿಸುತ್ತದೆಂದು ಪ್ರಯೋಗದಲ್ಲಿ ಕಂಡುಬಂತು.

ಹುಲಿ ಪತಂಗವೊಂದನ್ನು ಬೇಕೆಂದೇ ಕರ್ನಾಟಕಕ್ಕೆ ತಂದದ್ದೂ ಉಂಟು. ಯುಪಟೋರಿಯಂ ಎಂದೂ ಕಮ್ಯುನಿಸ್ಟ್ ಗಿಡ ಎಂದೂ ಕರೆಯುವ ಕ್ರೊಮೊಲೀನಾ ಕಳೆ ಅಮೆರಿಕ ಮೂಲದ್ದು. ಕರಾವಳಿ, ಮಲೆನಾಡುಗಳ ಗುಡ್ಡಗಳನ್ನು ಅದು ಹೇಗೆ ನುಂಗಿದೆ ಎಂಬುದು ಅಲ್ಲಿನವರಿಗೆ ಗೊತ್ತು. ಅದರ ಎಲೆಯನ್ನೇ ತಿನ್ನುವ ಪರೂಕೀಟಿಸ್ ಸೂಡೊಇನ್ಸುಲೇಟಾ ಎಂಬ ಹುಲಿ ಪತಂಗವನ್ನು 1970ರ ದಶಕದಲ್ಲಿ ಟ್ರಿನಿಡಾಡ್‌ನಿಂದ ಬೆಂಗಳೂರಿನ ಜೈವಿಕ ನಿಯಂತ್ರಣ ಕೇಂದ್ರಕ್ಕೆ ತರಿಸಿ, ಸಾಕಿ, ಬಿಡಲಾಯಿತು. ಆ ಸಲ ನಮ್ಮಲ್ಲಿ ನೆಲೆ ನಿಲ್ಲಲಿಲ್ಲ. 1980ರ ದಶಕದಲ್ಲಿ ಶ್ರೀಲಂಕಾದಿಂದ ತಂದ ಪತಂಗಗಳು ದಕ್ಷಿಣ ಕನ್ನಡದಲ್ಲಿ ಊರಿಕೊಂಡು, ಕೆಲವು ಕಡೆ ಕಳೆಯ ಎಲೆಗಳನ್ನು ಬರಿದು ಮಾಡಿದವು. ಕಳೆ ಸೋಲಲಿಲ್ಲ. ಆದರೂ ಈ ಪ್ರಯತ್ನವನ್ನು ವಿಫಲವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಂದು ಹುಳ ಯಾವ ಗಿಡವನ್ನು ತಿನ್ನುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂದು ಬೆಳೆಗಳ ಮೇಲೆಲ್ಲ ಪರೀಕ್ಷಿಸಿ ತಿಳಿದುಕೊಂಡ ಮೇಲೆಯೇ ಅದನ್ನು ಬಿಟ್ಟಿದ್ದರು. ನಮ್ಮದೇ ಘಟ್ಟದ ಎಷ್ಟೋ ಹುಲಿ ಪತಂಗಗಳ ಬಗ್ಗೆ ಅಷ್ಟು ತಿಳಿವಳಿಕೆ ನಮಗಿಲ್ಲ.

ಬ್ರಿಟನ್ನಿನಲ್ಲಿ ದಶಕಗಳ ಲೆಕ್ಕವಿದೆ. ಅದರಿಂದಾಗಿಯೇ ಅಲ್ಲಿ ತೋಟದ ಹುಲಿ ಪತಂಗ ಇಳಿಮುಖವಾಗಿದೆಯೆಂದೂ, ಕಲ್ಲುಹೂವು ತಿನ್ನುವ ಹಲವು ಲಿಥೋಸಿನಿಗಳು ಹೆಚ್ಚಿವೆಯೆಂದೂ ಹೇಳಬಲ್ಲರು. ಹೊಗೆಯಲ್ಲಿನ ಗಂಧಕ ಕಡಿಮೆಯಾಗಿ ಕಲ್ಲುಹೂವು ಮರಳಿ ಬಂದದ್ದು ಈ ಹೆಚ್ಚಳಕ್ಕೆ ಕೊಡುವ ಕಾರಣಗಳಲ್ಲಿ ಒಂದು. ನಮ್ಮಲ್ಲಿ ಜೆ.ಎಸ್. ಕೀರ್ತಿ ಮತ್ತು ನವನೀತ್ ಸಿಂಗ್ 2015 ಮತ್ತು 2016ರಲ್ಲಿ ಭಾರತದ ಹುಲಿ ಪತಂಗಗಳ ಮೇಲೆ ಎರಡು ಸಂಪುಟಗಳನ್ನು ತಂದರು. ಹ್ಯಾಂಪ್ಸನ್ ನಂತರ ಇದು ದೊಡ್ಡ ಕೆಲಸ. ಜುಲೈ ಕೊನೆಯ ವಾರ ಪತಂಗ ಸಪ್ತಾಹವೆಂದು ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ ಕೂರುವ ಯುವಕ ಯುವತಿಯರು ಊರೂರಿನಲ್ಲಿ ಹೆಚ್ಚುತ್ತಿದ್ದಾರೆ. ಅವರ ಫೋಟೊಗಳಿಂದ ಹರಡಿಕೆಯ ನಕ್ಷೆ ತುಂಬುತ್ತಿದೆ. ಹುಳ ಮತ್ತು ಗಿಡದ ಕಾಲಂಗಳು ಮಾತ್ರ ಖಾಲಿ.

ಅದನ್ನು ತುಂಬಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗಿಡದ ಮೇಲೆ ಕಂಡ ಕಂಬಳಿಹುಳವನ್ನು ಕಡ್ಡಿಯಿಂದ ಎತ್ತಿ, ಅದು ತಿನ್ನುತ್ತಿದ್ದ ಎಲೆಯ ಸಮೇತ ಅಗಲ ಬಾಯಿಯ ಡಬ್ಬಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ತಳದಲ್ಲಿ ಎರಡು ಬೆರಳಿನಷ್ಟು ತೇವದ ಮಣ್ಣು. ಹಲವು ಪ್ರಭೇದಗಳು ಮಣ್ಣಿಗಿಳಿಯದೆ ಕೋಶವಾಗುವುದಿಲ್ಲ. ದಿನವೂ ಹೊಸ ಎಲೆ, ಹಳೆಯ ಹಿಕ್ಕೆ ಹೊರಗೆ. ಹುಳದ ಫೋಟೊ, ಗಿಡದ ಹೆಸರು, ಊರು, ತಾರೀಖು ಬರೆದಿಟ್ಟುಕೊಂಡು, ಪತಂಗ ಹೊರಬಂದ ದಿನ ಅದರ ಫೋಟೊವನ್ನೂ ಜೊತೆಗಿಡಬೇಕು. ಪತಂಗದ ಬದಲು ಪುಟ್ಟ ಕಣಜಗಳೋ ನೊಣಗಳೋ ಹೊರಬಂದರೆ ಎಸೆಯಬಾರದು. ಅವು ಆ ಹುಳದ ಪರಾವಲಂಬಿಗಳು, ರೈತರಿಗೆ ಬೇಕಾದ ಮಾಹಿತಿ. ಕೋಟೆಯ ಗೋಡೆ, ಬಂಡೆ, ಅಡಿಕೆ ಮರದ ಕಾಂಡಗಳ ಮೇಲೆ ಸಿಗುವ ಸಣ್ಣ ಕಂಬಳಿಹುಳಗಳಿಗೆ ಎಲೆ ಹಾಕಿದರೆ ಉಪವಾಸ ಸಾಯುತ್ತವೆ. ಕಲ್ಲುಹೂವು ಹಿಡಿದ ತೊಗಟೆಯ ತುಂಡನ್ನೇ ಒಳಗಿಟ್ಟು, ದಿನಕ್ಕೊಮ್ಮೆ ಮಳೆನೀರನ್ನು ತುಸು ಚಿಮುಕಿಸಿದರೆ ಸಾಕು.